‘ಸ್ನಾರ್ಕೆಲ್ ಲೀಕ್ ಆಗುತ್ತಿದೆ’: ದೋಷ ಪತ್ತೆಹಚ್ಚಿ ಸರಿಪಡಿಸುವ ಕ್ರಮ

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಪ್ರವಾಸಿಗರನ್ನು ದೋಣಿಯಿಂದ ನೀರಿಗಿಳಿಸುವ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ದೂರು ಒಂದೇ: “ಅಣ್ಣಾ, ಈ ಸ್ನಾರ್ಕೆಲ್ ಲೀಕ್ ಆಗ್ತಿದೆ, ಬೇರೆ ಕೊಡಿ.” ಕೆಲಸಕ್ಕೆ ಸೇರಿದ ಮೊದಲ ವರ್ಷ ಈ ಮಾತು ಕಿವಿಗೆ ಬಿದ್ದೊಡನೆ ಬೇರೊಂದು ಕೊಳವೆಯನ್ನು ತೆಗೆದು ಕೈಗಿಡುತ್ತಿದ್ದೆ. ಒಮ್ಮೆ ಒಬ್ಬ ಮಹಿಳೆಗೆ ಹೀಗೆ ಮೂರು ಕೊಳವೆಗಳನ್ನು ಬದಲಿಸಿ ಕೊಟ್ಟರೂ ನೀರು ಬರುವುದು ನಿಲ್ಲಲಿಲ್ಲ. ನಾಲ್ಕನೆಯದಕ್ಕಾಗಿ ಡಬ್ಬದಲ್ಲಿ ಕೈಯಾಡಿಸುತ್ತಿದ್ದಾಗ ನಮ್ಮ ತಂಡದ ಹಿರಿಯರೊಬ್ಬರು ಬಂದು, “ನೀರು ಬಾಯಿಗೆ ಬರ್ತದೋ, ಮೂಗಿಗೆ ಬರ್ತದೋ ತಂಗಿ?” ಎಂದು ಕೇಳಿದರು. ಮೂಗಿಗೆ ಎಂಬ ಉತ್ತರ ಬಂತು. ಅವರು ಮಾಸ್ಕನ್ನು ತುಸು ಎತ್ತಿ, ಹಣೆಯ ಬಳಿ ಅದರ ಅಂಚಿನಡಿ ಸಿಕ್ಕಿಕೊಂಡಿದ್ದ ನಾಲ್ಕೈದು ಕೂದಲೆಳೆಗಳನ್ನು ಹಿಂದಕ್ಕೆ ಸರಿಸಿ ಮತ್ತೆ ಕೂರಿಸಿದರು. ಅಲ್ಲಿಗೆ ದೂರು ಮುಗಿಯಿತು. ಮೂರು ಕೊಳವೆಗಳಲ್ಲಿ ಒಂದಕ್ಕೂ ದೋಷವಿರಲಿಲ್ಲ. ದೋಷವಿದ್ದದ್ದು ‘ಸ್ನಾರ್ಕೆಲ್’ ಎಂಬ ಪದವನ್ನು ಆಕೆ ಒಂದು ವಸ್ತುವಿಗೂ ನಾನು ಇನ್ನೊಂದು ವಸ್ತುವಿಗೂ ಬಳಸುತ್ತಿದ್ದುದರಲ್ಲಿ.

ಆದ್ದರಿಂದ ಈ ಕೈಪಿಡಿಯ ಮೊದಲ ಹೆಜ್ಜೆ ಉಪಕರಣವನ್ನು ಮುಟ್ಟುವುದಲ್ಲ, ಮಾತನ್ನು ಬಿಡಿಸಿಕೊಳ್ಳುವುದು. ಮುಖಕ್ಕೆ ಹಾಕುವ ಗಾಜಿನ ಮಾಸ್ಕು, ಬಾಯಲ್ಲಿ ಹಿಡಿಯುವ ಕೊಳವೆ, ಕಾಲಿಗೆ ತೊಡುವ ಫಿನ್ಸ್, ಇವೆಲ್ಲ ಸೇರಿದ ಕಿಟ್ಟಿಗೆ ನಮ್ಮಲ್ಲಿ ಸ್ನಾರ್ಕೆಲ್ ಎಂದೇ ಹೇಳುತ್ತಾರೆ. ನೀರಿನಲ್ಲಿ ಮುಖ ತಗ್ಗಿಸಿ ತೇಲುವ ಆಟಕ್ಕೂ ಅದೇ ಹೆಸರು. ಮಲೆನಾಡಿನ ಜೀಪಿನವರಿಗೆ ಈ ಪದ ಹೇಳಿದರೆ ಅವರ ಕಣ್ಣ ಮುಂದೆ ಬರುವುದು ಬಾನೆಟ್ಟಿನ ಪಕ್ಕದಿಂದ ಹೊರಟು ಮುಂಗಾಜಿನ ಅಂಚಿಗೆ ಅಂಟಿಕೊಂಡು ಮೇಲೇರುವ ಕಪ್ಪು ಕೊಳವೆ. ನಾನು ಇಲ್ಲಿ ಸ್ನಾರ್ಕೆಲ್ ಎನ್ನುವುದು ಉಸಿರಾಟದ ಕೊಳವೆಯನ್ನು ಮಾತ್ರ. ಜೀಪಿನದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ.

ಪದ ಬಂದ ದಾರಿ

ದೋಷ ಹುಡುಕುವವರಿಗೆ ಪದದ ಚರಿತ್ರೆ ಏಕೆ ಬೇಕು ಎಂದು ಕೇಳಬಹುದು. ಈ ಪದದ ಮಟ್ಟಿಗೆ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಡಚ್ ನೌಕಾಪಡೆಯ ಅಧಿಕಾರಿ ಯಾನ್ ಯಾಕೋಬ್ ವಿಖರ್ಸ್ ಅವರ ಯೋಜನೆಯಂತೆ ಓ-19 ಮತ್ತು ಓ-20 ಎಂಬ ಜಲಾಂತರ್ಗಾಮಿಗಳಿಗೆ ಗಾಳಿ ಸೇದುವ ಕೊಳವೆಯನ್ನು ಅಳವಡಿಸಲಾಯಿತು. ಡೀಸೆಲ್ ಎಂಜಿನ್ನಿಗೆ ಗಾಳಿ ಬೇಕೇ ಬೇಕು. ಅದಕ್ಕಾಗಿ ನೌಕೆ ಮೇಲೆದ್ದು ಬರಬೇಕಾಗುತ್ತಿದ್ದ ಕಾಲದಲ್ಲಿ, ನೌಕೆಯನ್ನು ನೀರಿನ ಕೆಳಗೇ ಇರಿಸಿ ಕೊಳವೆಯ ತುದಿಯನ್ನಷ್ಟೇ ಅಲೆಗಳ ಮೇಲೆ ಚಾಚುವ ಉಪಾಯವದು. 1940ರಲ್ಲಿ ಜರ್ಮನಿಯು ನೆದರ್ಲೆಂಡ್ಸ್ ದೇಶವನ್ನು ವಶಪಡಿಸಿಕೊಂಡಾಗ ಈ ತಂತ್ರವೂ ಅದರ ಕೈಸೇರಿತು. 1943ರ ಪರೀಕ್ಷೆಗಳ ನಂತರ 1944ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅದನ್ನು ವ್ಯಾಪಕವಾಗಿ ಬಳಸಿದವು. ಜರ್ಮನ್ನರು ಅದಕ್ಕಿಟ್ಟ ಹೆಸರು ‘ಶ್ನೋರ್ಖೆಲ್’. ಅದು ಗೊರಕೆ ಹೊಡೆಯುವುದು ಎಂಬ ಅರ್ಥದ ಜರ್ಮನ್ ಕ್ರಿಯಾಪದದ ನಂಟಸ್ತಿಕೆಯ ಪದ. ಇಂಗ್ಲಿಷ್ ಅದನ್ನು ‘ಸ್ನಾರ್ಕೆಲ್’ ಎಂದು ತನ್ನದಾಗಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಈಜುಗಾರರ ಬಾಯಿಕೊಳವೆಗೂ ಅದೇ ಹೆಸರು ಗಟ್ಟಿಯಾಗಿ ನಿಂತಿತು, ಅಲ್ಲಿಂದ ಕನ್ನಡಕ್ಕೆ ಇಳಿಯಿತು. ವಿಶಾಖಪಟ್ಟಣದ ಕಡಲತೀರದಲ್ಲಿ 2002ರಿಂದ ವಸ್ತುಸಂಗ್ರಹಾಲಯವಾಗಿರುವ ಐಎನ್‌ಎಸ್ ಕುರ್ಸುರಾ ಕೂಡ ಇಂತಹ ಗಾಳಿಕೊಳವೆಯಿದ್ದ ಡೀಸೆಲ್ ಜಲಾಂತರ್ಗಾಮಿಯೇ.

ನನಗೆ ಇದರಲ್ಲಿ ಪ್ರಯೋಜನಕ್ಕೆ ಬಂದ ಅಂಶವೆಂದರೆ ಗೊರಕೆ. ಹೆಸರೇ ಶಬ್ದದಿಂದ ಹುಟ್ಟಿದ ಈ ಉಪಕರಣದಲ್ಲಿ ದೋಷ ಎಲ್ಲಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ. ಸರಿಯಾಗಿರುವ ಕೊಳವೆಯಲ್ಲಿ ಕೇಳಿಸುವುದು ಉಸಿರಿನ ಮೆಲ್ಲನೆಯ ಸುಯ್ಯೆಂಬ ಸದ್ದು ಮಾತ್ರ. ಅದಕ್ಕೆ ಗುಳುಗುಳು ಸೇರಿದರೆ ತಳದಲ್ಲಿ ನೀರು ನಿಂತಿದೆ ಎಂದರ್ಥ. ಉಸಿರು ಬಿಡುವಾಗ ಪಟಪಟ ಎಂದರೆ ನೀರನ್ನು ಹೊರಹಾಕಲು ಕೊಳವೆಯ ತಳದಲ್ಲಿರುವ ವಾಲ್ವಿನ ರಬ್ಬರ್ ಪದರ ಅದರುತ್ತಿದೆ, ಅದೊಂದೇ ಇದ್ದು ನೀರು ಬಾರದಿದ್ದರೆ ಚಿಂತಿಸಬೇಕಿಲ್ಲ. ಎಳೆದಾಗ ಟಕ್ಕೆಂದು ಸದ್ದಾಗಿ ಆಮೇಲೆ ನಿಶ್ಶಬ್ದವಾದರೆ ಕೆಲವು ಕೊಳವೆಗಳ ಮೇಲ್ತುದಿಯಲ್ಲಿರುವ ವಾಲ್ವು ಮುಚ್ಚಿಕೊಂಡಿದೆ. ಈ ನಿಶ್ಶಬ್ದವೇ ಎಲ್ಲಕ್ಕಿಂತ ಗಂಭೀರವಾದದ್ದು.

ನೆಲದ ಮೇಲೆ ಮಾಡಬೇಕಾದ ಪರೀಕ್ಷೆ

ನೀರಿಗಿಳಿದ ಮೇಲೆ ದೋಷ ಹುಡುಕುವುದು ತಪ್ಪು ಕ್ರಮ. ಅಲೆಯಲ್ಲಿ ತೂಗಾಡುತ್ತಿರುವವರಿಗೆ ಸಮಾಧಾನದಿಂದ ಗಮನಿಸುವುದು ಸಾಧ್ಯವಿಲ್ಲ, ಭಯ ಬೇಗ ಹತ್ತುತ್ತದೆ. ದೋಣಿಯಲ್ಲಿ ಅಥವಾ ಮನೆಯಲ್ಲೇ ಎರಡು ನಿಮಿಷ ಕೊಟ್ಟರೆ ಬಹುಪಾಲು ಸಂಗತಿ ತಿಳಿಯುತ್ತದೆ.

ಮೊದಲು ಮಾಸ್ಕನ್ನು ಅನುಮಾನದಿಂದ ಹೊರಗಿಡಬೇಕು. ಸ್ಟ್ರ್ಯಾಪನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಮೆಲ್ಲನೆ ಒತ್ತಿ ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈಬಿಟ್ಟರೆ ಅದು ಬೀಳದೆ ಅಂಟಿ ನಿಲ್ಲಬೇಕು. ಬಿದ್ದರೆ ಆ ಮುಖಕ್ಕೆ ಆ ಮಾಸ್ಕು ಹೊಂದುತ್ತಿಲ್ಲ, ಇಲ್ಲವೇ ಅಂಚಿನಡಿ ಕೂದಲು, ಮೀಸೆ ಅಥವಾ ಸನ್‌ಸ್ಕ್ರೀನ್ ಇದೆ. ದಟ್ಟ ಮೀಸೆಯವರಿಗೆ ತುಸು ನೀರು ಮೂಗಿನ ಕೆಳಗಿನಿಂದ ಬರುವುದು ಸಹಜ. ಅದಕ್ಕೆ ಸ್ಟ್ರ್ಯಾಪನ್ನು ಬಿಗಿಯುತ್ತಾ ಹೋಗುವುದು ಪರಿಹಾರವಲ್ಲ. ಅತಿಯಾಗಿ ಬಿಗಿದಾಗ ಸಿಲಿಕೋನ್ ಅಂಚು ಮಡಚಿಕೊಂಡು ನೀರು ಇನ್ನೂ ಹೆಚ್ಚಾಗುತ್ತದೆ.

ಬಳಿಕ ಕೊಳವೆ. ಇದಕ್ಕೆ ಎರಡು ಪರೀಕ್ಷೆಗಳಿದ್ದು, ಎರಡೂ ಬೇಕು, ಏಕೆಂದರೆ ಒಂದರಲ್ಲಿ ಕಾಣುವ ದೋಷ ಇನ್ನೊಂದರಲ್ಲಿ ಕಾಣುವುದಿಲ್ಲ. ಮೊದಲನೆಯದು ಎಳೆಯುವ ಪರೀಕ್ಷೆ: ಮೌತ್‌ಪೀಸನ್ನು, ಅಂದರೆ ಬಾಯಲ್ಲಿ ಹಿಡಿಯುವ ಮೆತ್ತನೆಯ ತುದಿಯನ್ನು, ತುಟಿಗಳಿಂದ ಸುತ್ತುವರಿದು, ಕೊಳವೆಯ ಮೇಲ್ತುದಿಯನ್ನು ಅಂಗೈಯಿಂದ ಮುಚ್ಚಿ ನಿಧಾನವಾಗಿ ಉಸಿರೆಳೆಯಬೇಕು. ಗಾಳಿ ಸ್ವಲ್ಪವೂ ಬಾರದೆ ಕೆನ್ನೆ ಒಳಕ್ಕೆ ಎಳೆದುಕೊಂಡಂತಾದರೆ ಕೊಳವೆ ಭದ್ರವಾಗಿದೆ. ಸುಂಯ್ ಎಂದು ಗಾಳಿ ನುಸುಳಿದರೆ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳಗಿನ ಪರ್ಜ್ ವಾಲ್ವಿನ, ಅಂದರೆ ನೀರನ್ನು ಹೊರಹಾಕುವ ವಾಲ್ವಿನ, ರಂಧ್ರಗಳನ್ನು ಮುಚ್ಚಿ ಮತ್ತೆ ಎಳೆದು ನೋಡಬೇಕು. ಈಗ ಸದ್ದು ನಿಂತರೆ ದೋಷವಿರುವುದು ಆ ವಾಲ್ವಿನಲ್ಲಿಯೇ. ನಿಲ್ಲದಿದ್ದರೆ ಮೌತ್‌ಪೀಸಿನಲ್ಲೋ ಜೋಡಣೆಯಲ್ಲೋ ಮೆದು ಕೊಳವೆಯ ಸುಕ್ಕುಗಳಲ್ಲೋ ಬಿರುಕಿದೆ.

ಎರಡನೆಯದು ಊದುವ ಪರೀಕ್ಷೆ. ಬಕೆಟ್ಟಿನ ನೀರಿನಲ್ಲಿ ಕೊಳವೆಯನ್ನು ಮುಳುಗಿಸಿ, ಮೇಲ್ತುದಿಯನ್ನು ಮುಚ್ಚಿ, ಪರ್ಜ್ ವಾಲ್ವನ್ನು ಬೆರಳಿನಿಂದ ಒತ್ತಿಹಿಡಿದು ಮೌತ್‌ಪೀಸಿನಿಂದ ಊದಿದರೆ ಬಿರುಕಿರುವ ಕಡೆ ಗುಳ್ಳೆಗಳು ಏಳುತ್ತವೆ. ಇಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ವಾಲ್ವನ್ನು ಒತ್ತಿಹಿಡಿಯದೆ ಊದಿ, ಅಲ್ಲಿಂದ ಗುಳ್ಳೆ ಬಂದದ್ದನ್ನು ಕಂಡು “ವಾಲ್ವ್ ಹೋಗಿದೆ” ಎಂದು ಒಳ್ಳೆಯ ಕೊಳವೆಯನ್ನು ಪಕ್ಕಕ್ಕಿಡುತ್ತಾರೆ. ಪರ್ಜ್ ವಾಲ್ವು ಇರುವುದೇ ಒಳಗಿನದನ್ನು ಹೊರಹಾಕಲಿಕ್ಕೆ. ಊದಿದಾಗ ಅದು ತೆರೆಯಬೇಕು, ಎಳೆದಾಗ ಮುಚ್ಚಬೇಕು.

ಪರ್ಜ್ ವಾಲ್ವು: ಒಂದು ಮರಳಿನ ಕಣ

ಬಾಯಿಗೆ ನೀರು ಬರುತ್ತಿದೆ ಎಂಬ ನಿಜವಾದ ದೂರುಗಳಲ್ಲಿ ನಾನು ಮೊದಲು ತೆರೆದು ನೋಡುವುದು ಈ ವಾಲ್ವನ್ನೇ. ಮೌತ್‌ಪೀಸಿನ ಕೆಳಗಿನ ಬಟ್ಟಲಿನಂತಹ ಭಾಗದ ತಳದಲ್ಲಿ, ಸಣ್ಣ ರಂಧ್ರಗಳಿರುವ ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಒಂದು ರೂಪಾಯಿಯ ನಾಣ್ಯದಷ್ಟಗಲದ ತೆಳುವಾದ ಸಿಲಿಕೋನ್ ಬಿಲ್ಲೆ ಕುಳಿತಿರುತ್ತದೆ. ನಡುವಿನ ಒಂದು ಗುಬುಟಿನಿಂದ ಅದನ್ನು ಸಿಕ್ಕಿಸಲಾಗಿರುತ್ತದೆ, ಅಂಚುಗಳು ಮಾತ್ರ ಸ್ವತಂತ್ರ. ಅದರ ಕೆಲಸವೆಲ್ಲ ನಡೆಯುವುದು ಆ ಅಂಚಿನಲ್ಲಿ. ಬಿಲ್ಲೆಯ ಅಂಚು ಪ್ಲಾಸ್ಟಿಕ್ ಪೀಠದ ಮೇಲೆ ಪೂರ್ತಿಯಾಗಿ ಕುಳಿತರೆ ಒಂದು ಹನಿಯೂ ಒಳಬರುವುದಿಲ್ಲ. ಆದರೆ ಒಂದೇ ಒಂದು ಮರಳಿನ ಕಣ ಅಲ್ಲಿ ಸಿಕ್ಕಿಕೊಂಡರೆ ಬಿಲ್ಲೆ ಅಷ್ಟು ಜಾಗದಲ್ಲಿ ಕೂದಲಿನಷ್ಟು ಎದ್ದು ನಿಲ್ಲುತ್ತದೆ. ಆಮೇಲೆ ಪ್ರತಿ ಉಸಿರೆಳೆತಕ್ಕೂ ಒಂದಿಷ್ಟು ಉಪ್ಪುನೀರು ಬಾಯಿಗೆ ಬರುತ್ತದೆ. ದಡದಿಂದಲೇ ನಡೆದು ನೀರಿಗಿಳಿಯುವವರು ಕೊಳವೆಯನ್ನು ಮರಳಿನ ಮೇಲೆ ಇಟ್ಟು ಫಿನ್ಸ್ ತೊಡುತ್ತಾರೆ. ಮರಳು ಒಳಹೊಕ್ಕುವುದು ಹೆಚ್ಚಾಗಿ ಆಗಲೇ.

ಪರಿಹಾರ ಸುಲಭ, ಆದರೆ ಕೈ ಹಗುರವಿರಬೇಕು. ಸಿಹಿನೀರಿನ ಬಕೆಟ್ಟಿನಲ್ಲಿ ಕೊಳವೆಯನ್ನು ಮುಳುಗಿಸಿ, ಜೋರಾಗಿ ನಾಲ್ಕೈದು ಸಲ ಊದಿದರೆ ಕಣ ತಾನಾಗಿ ಹೊರಹೋಗುವುದುಂಟು. ಹೋಗದಿದ್ದರೆ ಮುಚ್ಚಳವನ್ನು ಬಿಚ್ಚಿ, ಬಿಲ್ಲೆಯ ಅಂಚನ್ನು ಬೆರಳ ತುದಿಯಿಂದ ಎತ್ತಿ ಸುತ್ತಲೂ ತೊಳೆಯಬೇಕು. ಪಿನ್ನು, ಚಾಕು, ಹಲ್ಲುಕಡ್ಡಿಗಳನ್ನು ಬಳಸಬಾರದು. ಬಿಲ್ಲೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಅದು ಇನ್ನು ಕೆಲಸಕ್ಕೆ ಬಾರದು. ತೊಳೆದ ಮೇಲೆ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಂಚು ಅಲೆಯಲೆಯಾಗಿದ್ದರೆ ಅದು ಬಿಸಿಲಲ್ಲೋ ಕಾರಿನ ಡಿಕ್ಕಿಯಲ್ಲೋ ಬಹುಕಾಲ ಒತ್ತಡದಲ್ಲಿ ಬಿದ್ದು ಸೊಟ್ಟಗಾಗಿದೆ ಎಂದು ತಿಳಿಯಬೇಕು. ಸೊಟ್ಟಗಾದ ಬಿಲ್ಲೆಯನ್ನು ನೇರಮಾಡುವ ಉಪಾಯ ನನಗೆ ಸಿಕ್ಕಿಲ್ಲ, ಬದಲಿಸುವುದೇ ದಾರಿ.

ಮೌತ್‌ಪೀಸಿನ ದೋಷ ಇದಕ್ಕಿಂತ ಬೇಗ ಕಾಣಸಿಗುತ್ತದೆ. ಹಲ್ಲಿನ ನಡುವೆ ಹಿಡಿಯುವ ಎರಡು ಗುಬುಟುಗಳನ್ನು ಹೆದರಿದವರು ಕಚ್ಚಿ ಕಚ್ಚಿ ಹರಿಯುತ್ತಾರೆ. ಆ ಹರಕು ಒಳಗಿನ ಗೋಡೆಯವರೆಗೆ ಹೋದರೆ ಅಲ್ಲಿಂದ ನೀರು ಬರುತ್ತದೆ. ನೀರನ್ನು ತಡೆಯುವುದು ತುಟಿಗಳು, ಹಲ್ಲುಗಳಲ್ಲ. ಹಲ್ಲುಗಳು ಕೊಳವೆ ಜಾರದಂತೆ ಹಗುರವಾಗಿ ಹಿಡಿದರೆ ಸಾಕು. ದವಡೆ ನೋಯುತ್ತಿದೆ ಎಂಬ ದೂರಿಗೂ ಇದೇ ಉತ್ತರ. ಮಕ್ಕಳಿಗೆ ದೊಡ್ಡವರ ಮೌತ್‌ಪೀಸ್ ಕೊಟ್ಟರೆ ತುಟಿಯ ಮೂಲೆಗಳು ಮುಚ್ಚಿಕೊಳ್ಳುವುದೇ ಇಲ್ಲ. ಅಲ್ಲಿ ಕೊಳವೆ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ. ಮೌತ್‌ಪೀಸ್ ಕೊಳವೆಗೆ ಸೇರುವ ಕಡೆ ಪ್ಲಾಸ್ಟಿಕ್ ಟೈ ಸಡಿಲವಾಗಿದ್ದರೆ ಹೊಸದನ್ನು ಬಿಗಿದು, ಕತ್ತರಿಸಿದ ತುದಿ ಕೆನ್ನೆಗೆ ಗೀರದಂತೆ ಹೊರಮುಖವಾಗಿ ತಿರುಗಿಸಬೇಕು.

ಮೇಲಿನ ವಾಲ್ವು ಮುಚ್ಚಿಕೊಂಡಾಗ

‘ಡ್ರೈ’ ಎಂದು ಮಾರುವ ಕೊಳವೆಗಳ ತಲೆಯಲ್ಲಿ ತೇಲುವ ಒಂದು ತುಂಡು ಇರುತ್ತದೆ. ಕೊಳವೆಯ ತಲೆ ಮುಳುಗಿದೊಡನೆ ಅದು ಮೇಲೆದ್ದು ಕೊಳವೆಯ ಬಾಯನ್ನು ಮುಚ್ಚುತ್ತದೆ, ನೀರಿನಿಂದ ಹೊರಬಂದಾಗ ತನ್ನ ತೂಕಕ್ಕೆ ಕೆಳಗಿಳಿದು ತೆರೆಯುತ್ತದೆ. ಇದರ ಪರೀಕ್ಷೆಗೆ ಕೊಳವೆಯನ್ನು ತಲೆಕೆಳಗಾಗಿ ಹಿಡಿದು ಉಸಿರೆಳೆಯಬೇಕು, ಆಗ ಗಾಳಿ ಬರಬಾರದು. ನೆಟ್ಟಗೆ ಹಿಡಿದು ಎಳೆದಾಗ ತಡೆಯಿಲ್ಲದೆ ಬರಬೇಕು. ಇದನ್ನು ಹತ್ತು ಸಲವಾದರೂ ಬೇಗಬೇಗನೆ ತಿರುಗಿಸಿ ಮಾಡಿ ನೋಡಬೇಕು, ಏಕೆಂದರೆ ಉಪ್ಪು ಕಟ್ಟಿದ ವಾಲ್ವು ಎಂಟು ಸಲ ಸರಿಯಾಗಿದ್ದು ಒಂಬತ್ತನೆಯ ಸಲ ಸಿಕ್ಕಿಕೊಳ್ಳಬಹುದು. ಸಿಕ್ಕಿಕೊಳ್ಳುವ ವಾಲ್ವನ್ನು ಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು ಅಲುಗಿಸಿದರೆ ಉಪ್ಪು ಕರಗುತ್ತದೆ. ಕೀಲು ಮುರಿದಿದ್ದರೆ ನೆನೆಸಿ ಪ್ರಯೋಜನವಿಲ್ಲ.

ಇದರಲ್ಲಿ ಅಪಾಯವಿರುವುದು ವಾಲ್ವು ತೆರೆದುಕೊಂಡೇ ಉಳಿದಾಗಲ್ಲ, ಆಗ ಬರುವುದು ನೀರಷ್ಟೇ. ಅಪಾಯವಿರುವುದು ಅದು ಮುಚ್ಚಿಕೊಂಡಾಗ. ಅಲೆಯೊಂದು ತಲೆಯ ಮೇಲೆ ಹಾದುಹೋಗುವ ಕ್ಷಣದಲ್ಲಿ ಬಲವಾಗಿ ಉಸಿರೆಳೆದವರಿಗೆ ಗಾಳಿ ತಟ್ಟನೆ ನಿಲ್ಲುತ್ತದೆ. ಗಾಬರಿಯಿಂದ ಇನ್ನೂ ಬಲವಾಗಿ ಎಳೆಯುತ್ತಾರೆ, ಆ ಎಳೆತವೇ ವಾಲ್ವನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ ಹಿಡಿಯುತ್ತದೆ. ಹಿಂದೆ ಹೇಳಿದ ಜಲಾಂತರ್ಗಾಮಿಗಳಲ್ಲೂ ಇದೇ ತೊಂದರೆಯಿತ್ತು: ಅಲೆ ಬಂದು ಕೊಳವೆಯ ವಾಲ್ವು ಮುಚ್ಚಿದಾಗ ಎಂಜಿನ್ನು ನೌಕೆಯೊಳಗಿನ ಗಾಳಿಯನ್ನೇ ಸೇದಿಕೊಳ್ಳುತ್ತಿತ್ತು, ಒತ್ತಡ ಕುಸಿದು ಒಳಗಿದ್ದ ನಾವಿಕರ ಕಿವಿಗಳು ಸಿಡಿಯುವಂತೆ ನೋಯುತ್ತಿದ್ದವು. ಅಲ್ಲಿ ಎಂಜಿನ್ನನ್ನು ನಿಲ್ಲಿಸಬೇಕಿತ್ತು, ಇಲ್ಲಿ ಎಳೆತವನ್ನು ನಿಲ್ಲಿಸಬೇಕು. ಎಳೆಯುವುದನ್ನು ಬಿಟ್ಟು ಸ್ವಲ್ಪ ಉಸಿರು ಹೊರಬಿಟ್ಟರೆ ವಾಲ್ವು ತೆರೆದುಕೊಳ್ಳುತ್ತದೆ. ತೆರೆಯದಿದ್ದರೆ ಮುಖವೆತ್ತಿ ಮೌತ್‌ಪೀಸನ್ನು ಉಗಿದು ಬಾಯಿಂದ ಉಸಿರಾಡಬೇಕು. ಹೊಸಬರನ್ನು ನೀರಿಗಿಳಿಸುವ ಮುನ್ನ ನಾವು ದೋಣಿಯ ಏಣಿ ಹಿಡಿಸಿ ಇದನ್ನು ಮೂರು ಸಲ ಮಾಡಿಸುತ್ತೇವೆ. ಅದಕ್ಕೆ ತಗಲುವ ಹೊತ್ತಿನ ಬಗ್ಗೆ ಯಾರು ಗೊಣಗಿದರೂ ನಾನು ಬಿಟ್ಟುಕೊಡುವುದಿಲ್ಲ.

ಕೊಳವೆ ಸರಿಯಿದೆ, ಆದರೂ ನೀರು

ಎರಡೂ ಪರೀಕ್ಷೆಗಳಲ್ಲಿ ಗೆದ್ದ ಕೊಳವೆಯಲ್ಲಿ ನೀರು ಬಂದರೆ ಅದು ಮೇಲ್ತುದಿಯಿಂದಲೇ ಬರುತ್ತಿರಬೇಕು. ಹಾಗಿದ್ದಾಗ ಕೊಳವೆಯನ್ನು ಬಿಟ್ಟು ಅದು ನಿಂತಿರುವ ರೀತಿಯನ್ನು ನೋಡಬೇಕು. ಕೊಳವೆಯನ್ನು ಸಾಮಾನ್ಯವಾಗಿ ಮಾಸ್ಕಿನ ಸ್ಟ್ರ್ಯಾಪಿಗೆ ಎಡಗಡೆಯಲ್ಲಿ ಸಿಕ್ಕಿಸುತ್ತಾರೆ. ಗಾಳಿಯ ಸಿಲಿಂಡರು ಹೊತ್ತು ಮುಳುಗುವ ಸ್ಕೂಬಾದಲ್ಲಿ ಗಾಳಿಯ ಹೋಸು ಬಲಭುಜದ ಮೇಲಿಂದ ಬರುವುದರಿಂದ ಈ ರೂಢಿ ಬಂದಿದೆ. ಸಿಕ್ಕಿಸುವ ಕ್ಲಿಪ್ಪು ಕಿವಿಯ ಮುಂದೆ ಇದ್ದು, ಮುಖ ನೀರಿನ ಕಡೆಗೆ ತಗ್ಗಿದಾಗ ಕೊಳವೆ ನೆತ್ತಿಯ ಪಕ್ಕ ನೆಟ್ಟಗೆ ನಿಲ್ಲಬೇಕು. ಕ್ಲಿಪ್ಪು ಕಿವಿಯ ಹಿಂದಕ್ಕೆ ಜಾರಿದ್ದರೆ ಕೊಳವೆ ಬೆನ್ನ ಕಡೆಗೆ ಬಾಗಿ ಅದರ ತುದಿ ಪ್ರತಿ ಅಲೆಗೂ ಅದ್ದುತ್ತದೆ. ಕೆಳಗಿನ ಬಂಡೆಯ ಮೀನನ್ನು ನೋಡಲು ಗದ್ದವನ್ನು ಎದೆಗೊತ್ತಿಕೊಳ್ಳುವವರಿಗೂ, ದೋಣಿ ಎಲ್ಲಿದೆ ಎಂದು ಮತ್ತೆ ಮತ್ತೆ ತಲೆಯೆತ್ತಿ ನೋಡುವವರಿಗೂ ಇದೇ ಆಗುತ್ತದೆ. ಕೆಳಗೆ ಲಂಬವಾಗಿ ನೋಡದೆ ತುಸು ಮುಂದಕ್ಕೆ ನೋಡಿದರೆ ಕೊಳವೆ ತಾನಾಗಿ ನೆಟ್ಟಗಾಗುತ್ತದೆ.

ಇನ್ನು ಗುಳುಗುಳು ಸದ್ದು ಒಂದೇ ಮಟ್ಟದಲ್ಲಿ ಉಳಿದು, ಹೆಚ್ಚೂ ಆಗದೆ ಕಡಿಮೆಯೂ ಆಗದಿದ್ದರೆ ಅದು ಸೋರಿಕೆಯಲ್ಲ. ಹಿಂದೆ ಹೊಕ್ಕ ನೀರು, ಎಂಜಲು, ಉಸಿರಿನ ತೇವ ಎಲ್ಲವೂ ತಳದಲ್ಲಿ ಸೇರಿರುತ್ತವೆ. ಮೆಲ್ಲಗೆ ಊದಿದರೆ ಅದು ಹೋಗುವುದಿಲ್ಲ, ಏಕೆಂದರೆ ಗಾಳಿ ನೀರಿನ ಪಕ್ಕದಲ್ಲಿ ದಾರಿಮಾಡಿಕೊಂಡು ಹೋಗಿಬಿಡುತ್ತದೆ. ಒಂದೇ ಏಟಿಗೆ, ‘ಟೂ’ ಎಂದು ಉಗುಳುವಂತೆ ಬಲವಾಗಿ ಊದಬೇಕು. ಮೊದಲ ಊದಿನ ನಂತರದ ಉಸಿರನ್ನು ನಾಲಗೆ ತುಸು ಮೇಲೆತ್ತಿಕೊಂಡು ನಿಧಾನವಾಗಿ ಎಳೆದು, ಇನ್ನೊಮ್ಮೆ ಊದಿದರೆ ಉಳಿದ ಹನಿಗಳೂ ಹೊರಬೀಳುತ್ತವೆ.

ನೀರಿಲ್ಲ, ಆದರೆ ಉಸಿರು ಸಾಲದು

ಈ ದೂರನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾರೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಗಂಟಲು ಮತ್ತು ಶ್ವಾಸನಾಳದಲ್ಲೇ ಉಳಿದು ವಾಪಸಾಗುತ್ತದೆ. ಎರಡು ಸೆಂಟಿಮೀಟರ್ ಒಳವ್ಯಾಸದ, 40 ಸೆಂಟಿಮೀಟರ್ ಉದ್ದದ ಕೊಳವೆ ಇನ್ನೂ ಸುಮಾರು 125 ಮಿಲಿಲೀಟರ್ ಹಿಡಿಯುತ್ತದೆ. ಆದ್ದರಿಂದ 500ರಲ್ಲಿ ಹೊಸ ಗಾಳಿ ಸಿಗುವುದು 225 ಮಿಲಿಲೀಟರ್ ಮಾತ್ರ. ಗಾಬರಿಯಿಂದ 300 ಮಿಲಿಲೀಟರಿನ ಗಿಡ್ಡ ಉಸಿರುಗಳನ್ನು ತೆಗೆದರೆ ಸಿಗುವುದು ಕೇವಲ 25, ಉಳಿದದ್ದೆಲ್ಲ ತಾವೇ ಬಿಟ್ಟ ಗಾಳಿ. ತಲೆಭಾರ, ಏದುಸಿರು, ಗಾಳಿ ಸಾಲದೆಂಬ ಭಾವನೆ ಇವೆಲ್ಲ ಅಲ್ಲಿಂದ ಶುರುವಾಗುತ್ತವೆ. ದೋಷ ಕೊಳವೆಯದಲ್ಲ, ಉಸಿರಿನ ಗತಿಯದು. ನಿಧಾನವಾಗಿ ಆಳವಾಗಿ ಎಳೆದು ಪೂರ್ತಿ ಬಿಡುವುದೇ ಇದಕ್ಕೆ ಮದ್ದು.

ಇನ್ನೂ ಉದ್ದದ ಕೊಳವೆಯಿದ್ದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂದು ಪಿವಿಸಿ ಪೈಪು ಜೋಡಿಸಿ ತಂದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಇದನ್ನು ಮಾಡಬಾರದು. ಹಳೆಯ ಗಾಳಿ ಹೆಚ್ಚುವುದು ಒಂದು ಕಾರಣ. ಇನ್ನೊಂದು ಕಾರಣ ನೀರಿನ ಒತ್ತಡ. ಆರೋಗ್ಯವಂತ ವಯಸ್ಕರ ಉಸಿರಾಟದ ಸ್ನಾಯುಗಳು ಪೂರ್ಣ ಬಲ ಹಾಕಿದರೂ ಸುಮಾರು ಒಂದು ಮೀಟರ್ ನೀರಿನ ಒತ್ತಡವನ್ನು ಕ್ಷಣಕಾಲ ಮಾತ್ರ ಮೀರಬಲ್ಲವು. ಈ ವಿಷಯದಲ್ಲಿ ಆನೆ ಬೇರೆ. ಅರಿಸ್ಟಾಟಲ್ ಆನೆಯ ಸೊಂಡಿಲನ್ನು ಮುಳುಗುವವರು ಗಾಳಿಗಾಗಿ ಬಳಸುವ ಸಾಧನಕ್ಕೆ ಹೋಲಿಸಿದ್ದಾನೆ. ಕಬಿನಿಯ ಹಿನ್ನೀರನ್ನು ದಾಟುವ ಆನೆಗಳು ಸೊಂಡಿಲೊಂದನ್ನೇ ಮೇಲೆತ್ತಿ ಈಜುವುದನ್ನು ಕಂಡವರಿಗೆ ಆ ಹೋಲಿಕೆ ಕೂಡಲೇ ಮನದಟ್ಟಾಗುತ್ತದೆ. ಆದರೆ ಆನೆಯ ಶ್ವಾಸಕೋಶ ಎದೆಗೂಡಿನ ಗೋಡೆಗೆ ನೇರವಾಗಿ ಅಂಟಿಕೊಂಡಿದ್ದು, ನಮ್ಮಲ್ಲಿರುವಂತೆ ನಡುವೆ ತೆಳುವಾದ ಪೊರೆಗಳ ಜಾಗವಿಲ್ಲ. ಅಂತಹ ಒತ್ತಡವನ್ನು ತಾಳುವ ರಚನೆ ಅದು, ನಮ್ಮದಲ್ಲ.

ಇಡೀ ಮುಖವನ್ನು ಮುಚ್ಚುವ ಮಾಸ್ಕುಗಳಲ್ಲಿ ಇನ್ನೊಂದು ದೋಷ ಸಾಧ್ಯ. ಅವುಗಳಲ್ಲಿ ಒಳಬರುವ ಮತ್ತು ಹೊರಹೋಗುವ ಗಾಳಿಗೆ ಬೇರೆಬೇರೆ ದಾರಿಗಳಿದ್ದು, ಮೂಗು ಬಾಯಿಗಳನ್ನು ಸುತ್ತುವ ಒಳಬಟ್ಟಲಿನ ಪುಟ್ಟ ವಾಲ್ವುಗಳು ಅವನ್ನು ಬೇರ್ಪಡಿಸುತ್ತವೆ. ತೊಳೆದ ಮೇಲೆ ಒಂದು ವಾಲ್ವನ್ನು ಹಾಕಲು ಮರೆತರೆ ಅಥವಾ ತಿರುವಿ ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ನೀರೂ ಬರುವುದಿಲ್ಲ, ಆದರೆ ಬಿಟ್ಟ ಗಾಳಿಯೇ ಮತ್ತೆ ಒಳಬರುತ್ತದೆ. ಉಸಿರು ಬಿಟ್ಟಾಗ ಕಣ್ಣಿನ ಮುಂದಿನ ಗಾಜು ಪೂರ್ತಿ ಮಂಜಾಗುತ್ತಿದ್ದರೆ ಮೊದಲು ಈ ವಾಲ್ವುಗಳನ್ನು ನೋಡಬೇಕು. ಕೊಳವೆಯ ಮೂಲಕ ಉಸಿರೆಳೆಯಲು ಬೇಕಾಗುವ ಹೆಚ್ಚಿನ ಬಲವೂ ಕೆಲವರ ಶ್ವಾಸಕೋಶದಲ್ಲಿ ದ್ರವ ತುಂಬಲು ಕಾರಣವಾಗಬಹುದು ಎಂದು ಹವಾಯಿಯಲ್ಲಿ ನಡೆದ ಸ್ನಾರ್ಕೆಲ್ ಸುರಕ್ಷತೆಯ ಅಧ್ಯಯನವು ಎಚ್ಚರಿಸಿದೆ. ಆದ್ದರಿಂದ ಈಜಿನ ದಣಿವಿಲ್ಲದೆಯೂ ಏದುಸಿರು ಬಂದರೆ, ಕೈಕಾಲು ಸೋತಂತಾದರೆ, ಉಪಕರಣವನ್ನು ಪರೀಕ್ಷಿಸುತ್ತಾ ನೀರಿನಲ್ಲಿ ಉಳಿಯಬಾರದು. ಮಾಸ್ಕು, ಕೊಳವೆ ತೆಗೆದು, ಬೆನ್ನಮೇಲೆ ತೇಲಿ, ಕೈಯೆತ್ತಿ ಕರೆದು ಹೊರಬರಬೇಕು. ಹೃದಯದ ತೊಂದರೆಯಿರುವವರು ಇಳಿಯುವ ಮೊದಲೇ ವೈದ್ಯರನ್ನು ಕೇಳಬೇಕು.

ಇಟ್ಟುಕೊಳ್ಳುವ ರೀತಿ

ದಿನದ ಕೊನೆಗೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ತೂಗುಹಾಕಿ ಒಣಗಿಸಿದರೆ ಮೇಲೆ ಹೇಳಿದ ಅರ್ಧದಷ್ಟು ದೋಷಗಳು ಹುಟ್ಟುವುದೇ ಇಲ್ಲ. ಕಪ್ಪು ರಬ್ಬರಿನ ವಸ್ತುವಿಗೆ ತಾಗುವಂತೆ ಪಾರದರ್ಶಕ ಸಿಲಿಕೋನನ್ನು ಇಟ್ಟರೆ ಬಣ್ಣ ಹತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರಿಗಿಳಿಯುವುದು ನಿಂತು ಕಿಟ್ಟುಗಳು ಡಬ್ಬ ಸೇರಿದಾಗ ತೇವವಿದ್ದರೆ ಬೂಷ್ಟು ಬರುತ್ತದೆ. ಅಕ್ಟೋಬರಿನಲ್ಲಿ ಡಬ್ಬ ತೆರೆದು ಮೊದಲು ಮಾಡುವ ಕೆಲಸ ಸುಕ್ಕು ಕೊಳವೆಗಳನ್ನು ಹಿಗ್ಗಿಸಿ ಪ್ರತಿ ಮಡಿಕೆಯನ್ನೂ ನೋಡುವುದು. ಬಿರುಕುಬಿಟ್ಟ ಕೊಳವೆಗೆ ಟೇಪು, ಗೋಂದು ಹಚ್ಚಿ ಬಳಸುವುದನ್ನು ನಾವು ಬಿಟ್ಟಿದ್ದೇವೆ.

ಜೀಪಿನ ಸ್ನಾರ್ಕೆಲ್

ಇದೂ ಗಾಳಿಕೊಳವೆಯೇ, ಇಲ್ಲಿ ಉಸಿರಾಡುವುದು ಎಂಜಿನ್ನು. ಮೇಲ್ತುದಿ ಎಷ್ಟು ಎತ್ತರದಲ್ಲಿದ್ದರೂ, ಏರ್ ಫಿಲ್ಟರ್ ಡಬ್ಬದವರೆಗಿನ ಒಂದು ಕ್ಲಿಪ್ಪು ಸಡಿಲವಿದ್ದರೆ ಹಳ್ಳದ ನೀರು ಅಲ್ಲಿಂದಲೇ ಒಳನುಗ್ಗುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರಿನೊಳಗೆ ಸೇರಿದ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸುತ್ತದೆ. ಹಳ್ಳದ ನಡುವೆ ಎಂಜಿನ್ ತಟ್ಟನೆ ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು. ಗಾಡಿಯನ್ನು ಎಳೆದು ಹೊರತಂದು, ಫಿಲ್ಟರ್ ತೆಗೆದು ತೇವವಿದೆಯೇ ಎಂದು ಮುಟ್ಟಿ ನೋಡಬೇಕು. ಒಣಗಿದ್ದರೆ ದೋಷ ಬೇರೆಡೆ ಇದೆ, ಒದ್ದೆಯಾಗಿದ್ದರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು. ಸ್ನಾರ್ಕೆಲ್ ಇದೆಯೆಂದು ಆಕ್ಸಲಿನ ಬ್ರೀದರುಗಳಿಗೂ (ಗಾಳಿಯಾಡುವ ಸಣ್ಣ ಕಿಂಡಿಗಳು) ವಿದ್ಯುತ್ ಜೋಡಣೆಗಳಿಗೂ ರಕ್ಷಣೆ ಸಿಗುವುದಿಲ್ಲ. ಅವುಗಳ ಎತ್ತರ ಎಷ್ಟಿದೆಯೋ ಗಾಡಿಯ ಮಿತಿಯೂ ಅಷ್ಟೇ.

ಮಳೆಗಾಲಕ್ಕೆ ಮೊದಲು ಒಂದು ಜಾಗವನ್ನು ತಪ್ಪದೆ ನೋಡಬೇಕು. ಅನೇಕ ಗಾಡಿಗಳ ಫಿಲ್ಟರ್ ಡಬ್ಬದ ತಳದಲ್ಲಿ ಧೂಳು ಮತ್ತು ಹನಿನೀರು ಹೊರಬೀಳಲೆಂದು ಬಾತುಕೋಳಿಯ ಕೊಕ್ಕಿನಂತಹ ಒಂದು ರಬ್ಬರ್ ವಾಲ್ವು ಇರುತ್ತದೆ. ನಮ್ಮ ಪರ್ಜ್ ವಾಲ್ವಿನಂತೆ ಅದೂ ಹೊರಕ್ಕಷ್ಟೇ ತೆರೆಯಬೇಕು. ಕೆಸರಿನ ಚೂರೊಂದು ಅದರ ತುಟಿಗಳ ನಡುವೆ ಗಟ್ಟಿಯಾಗಿ ಕುಳಿತರೆ ಗಾಡಿ ನೀರಿಗಿಳಿದಾಗ ಡಬ್ಬ ಕೆಳಗಿನಿಂದ ತುಂಬುತ್ತದೆ. ಬಾನೆಟ್ ಎತ್ತಿ, ಕೈ ಕೆಳಗೆ ಹಾಕಿ, ಆ ಎರಡು ತುಟಿಗಳನ್ನು ಬೆರಳಿನಿಂದ ಹಿಸುಕಿ ಕೆಸರನ್ನು ಉದುರಿಸಿ, ಬಿಟ್ಟಾಗ ಅವು ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆಯೇ ಎಂದು ಮುಟ್ಟಿ ನೋಡಬೇಕು.